ಖಾಲಿ ದೋಣಿಯ ತೂಕ

ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಮೇಲಿನ ತೂಬಿಗೆ ದೋಣಿಯಲ್ಲಿ ಐದು ದಿನದ ದಾರಿ. ಐದು ದಿನವೂ ದೋಣಿಯಲ್ಲೇ ಒಲೆ, ದೋಣಿಯಲ್ಲೇ ಊಟ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಮನೆಯಲ್ಲಾದರೆ ಎದ್ದು ಹೋಗಿ ಉಗಿಯಬಹುದು, ಕಾಲುವೆಗೆ ಉಗಿಯುವುದು ನಮ್ಮಲ್ಲಿ ತಪ್ಪು. ಅದಕ್ಕೇ ಒಂದೊಂದೇ ಕಾಳನ್ನು ನೋಡಿ ಆರಿಸುತ್ತಿದ್ದೆ. ಮಗಳು ನೀಲಿ ಎದುರಿಗೆ ಕೂತು ನಾನು ತೆಗೆದಿಟ್ಟ ಕಲ್ಲುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸುತ್ತಿದ್ದಳು. ಅರ್ಧ ಮೊರವೂ ಆಗಿರಲಿಲ್ಲ, ತೂಬು ಕಾಯುವ ಬಿಳಿಗಿರಿ ಬೇಲಿಯ ಆಚೆ ನಿಂತು ಕೆಮ್ಮಿದ.

"ಹೊನ್ನಕ್ಕ, ದೋಣಿಗೆ ಏನ್ ತುಂಬಿದ್ದೀಯ?"

"ಏನೂ ಇಲ್ಲ. ಇನ್ನೂ ಬೇಳೆ ಆರಿಸ್ತಾ ಇದ್ದೀನಿ."

"ಒಂದು ಚೊಂಬೂ ಇಟ್ಟಿಲ್ವಾ?"

"ಇಲ್ಲಪ್ಪ. ರಾತ್ರಿ ಪಯಣದ ಹಗ್ಗ ಕಟ್ಟಿ ಬಂದಿದ್ದಷ್ಟೇ."

ಬಿಳಿಗಿರಿ ಬಲಗೈ ಎತ್ತಿ ಐದು ಬೆರಳು ತೋರಿಸಿದ. ಆಮೇಲೆ ಎಡಗೈಯಿಂದ ಇನ್ನೊಂದು ಸೇರಿಸಿದ. "ಗೆರೆ ಆರು ಬೆರಳು ಮುಳುಗಿದೆ ಕಣಕ್ಕ. ಖಾಲಿ ದೋಣಿ! ಸಂಜೆ ಹೊತ್ತು ಮುಳುಗೋದ್ರೊಳಗೆ ಮೇಲೆ ಬರದಿದ್ರೆ ನಾನೇನೂ ಮಾಡಂಗಿಲ್ಲ. ನೀರು ನಿಲ್ಲಿಸಿ ಅಂತ ಮೇಲಿಂದ ಹೇಳಿ ಕಳಿಸಿದ್ದಾರೆ. ಇನ್ನು ತೂಬು ತೆಗೆಯೋದು ಈ ಕಡೆ ಹೂಳೆಲ್ಲ ಎತ್ತಿದ ಮೇಲೆ, ನಾಲ್ಕು ತಿಂಗಳಿಗೆ."

ನಾನು ಮೊರವನ್ನು ಹಾಗೇ ಕಟ್ಟೆಯ ಮೇಲಿಟ್ಟು ಎದ್ದೆ. ನೀಲಿ ಬಿಳಿಗಿರಿಯ ಬೆರಳುಗಳನ್ನೇ ನೋಡುತ್ತಿದ್ದಳು. ಅವಳ ಬಾಯಿ ಸ್ವಲ್ಪ ತೆರೆಯಿತು. ಏನು ಮಗಾ ಎನ್ನುವಷ್ಟರಲ್ಲಿ ಮುಚ್ಚಿಕೊಂಡಿತು.

ಊರಿನಲ್ಲಿ ಇದು ಯಾರಿಗೂ ಹೊಸದಲ್ಲ. ಪಯಣದ ಹಗ್ಗ ಕಟ್ಟಿದ ಗಳಿಗೆಯಿಂದ ದೋಣಿ ತನ್ನಲ್ಲಿ ಕೂತು ಹೋಗುವವರ ಬಾಯಲ್ಲಿ ಉಳಿದುಹೋದ ಮಾತನ್ನೆಲ್ಲ ಹೊರುತ್ತದೆ. ಹೇಳಬೇಕಿದ್ದು ಹೇಳದೆ ಬಿಟ್ಟದ್ದು, ಕೇಳಬೇಕಿದ್ದು ಕೇಳದೆ ನುಂಗಿದ್ದು. ತೂಬಿನ ಹೊಸ್ತಿಲು ಕಲ್ಲಿನದು. ದೋಣಿಯ ಹೊಟ್ಟೆಗೆ ಎಳೆದ ಸುಣ್ಣದ ಗೆರೆ ನೀರಿನ ಮೇಲೆ ಕಂಡರೆ ದಾಟುತ್ತದೆ, ಮುಳುಗಿದ್ದರೆ ಹೊಸ್ತಿಲಿಗೆ ತಗುಲಿ ನಿಲ್ಲುತ್ತದೆ. ಆದ್ದರಿಂದ ಹೊರಡುವವರು ಅಕ್ಕಿಬೇಳೆ ಹೊಂದಿಸಲು ಅಂಗಡಿ ಅಂಗಡಿ ತಿರುಗುವಾಗಲೇ ಉಳಿದ ಮಾತುಗಳನ್ನೂ ಮುಗಿಸಿಕೊಂಡು ಬರುತ್ತಾರೆ. ಯಾರಿಗೆ ಸೇರಬೇಕೋ ಅವರಿಗೇ ಹೇಳಬೇಕು, ಮರಕ್ಕೆ ಹೇಳಿದರೆ ಆಗುವುದಿಲ್ಲ. ಹೊಸದಾಗಿ ಮದುವೆಯಾದವರ ದೋಣಿ ಎಲೆಯ ಹಾಗೆ ತೇಲುತ್ತದೆ. ನಲವತ್ತು ವರ್ಷ ಸಂಸಾರ ಮಾಡಿದವರು ಹೊರಡುವ ಮೊದಲು ಮೂರು ದಿನ ಬಾಗಿಲು ಹಾಕಿಕೊಂಡು ಜಗಳವಾಡುತ್ತಾರೆ. ಅಕ್ಕಪಕ್ಕದವರು ಊಟ ಕಳಿಸುತ್ತಾರೆ. ನಮ್ಮ ಪಂಚಾಯಿತಿ ಮೆಂಬರು ಊರು ಬಿಟ್ಟು ಹೋದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ.

ಆದರೆ ಆರು ಬೆರಳು ಬಹಳವಾಯಿತು. ಇಬ್ಬರು ಹೋಗುವ ದೋಣಿ, ಅದರಲ್ಲೂ ಒಬ್ಬಳು ಎಂಟು ವರ್ಷದ ಹುಡುಗಿ. ಹತ್ತು ವರ್ಷದೊಳಗಿನ ಮಕ್ಕಳಿಗೆ ತೂಕವಿಲ್ಲ ಎಂದು ತೂಬಿನ ಗೋಡೆಯ ಮೇಲೇ ಬರೆದಿದೆ. ಬಾಯಿಗೆ ಬಂದದ್ದನ್ನು ಬಂದ ಕೂಡಲೇ ಕೇಳಿಬಿಡುವ ಮಕ್ಕಳಲ್ಲಿ ಏನು ಉಳಿದೀತು? ಹಾಗಾದರೆ ಆ ಆರೂ ನನ್ನವೇ. ಎಲ್ಲಿಟ್ಟೆನೋ ಮರೆತ ಡಬ್ಬಿಗಳ ಹಾಗೆ ನನ್ನೊಳಗೆ ಏನೇನು ಕೂತಿದೆಯೋ, ನೋಡೋಣ ಎಂದು ಕೈಚೀಲ ಹಿಡಿದು, ನೀಲಿಯನ್ನೂ ಕರೆದುಕೊಂಡು ಹೊರಟೆ. ಹೆದರಿಕೆಗಿಂತ ಆಗ ನನಗೆ ಕುತೂಹಲವೇ ಹೆಚ್ಚಿತ್ತು.

ಯಾಕೆ ಹೋಗಲೇಬೇಕಿತ್ತು ಎಂದರೆ, ನನ್ನ ಗಂಡ ಬೆಟ್ಟಯ್ಯ ಇರುವುದು ಮೇಲಿನ ತೂಬಿನಲ್ಲಿ. ಹೂಳು ಎತ್ತುವ ತಂಡದ ಜೊತೆ ಆರು ತಿಂಗಳ ಕೆಲಸಕ್ಕೆಂದು ಹೋದವರು, ಎರಡು ವರ್ಷವಾಯಿತು. ಮೊದಮೊದಲು ಕಾಗದ ಬರುತ್ತಿತ್ತು. ಹತ್ತು ಕಾಗದವಾದ ಮೇಲೆ ನಿಂತಿತು. ಹೋದ ವಾರ ಚಾಪೆ ಮಾರುವವನೊಬ್ಬ ಆ ಕಡೆಯಿಂದ ಬಂದವನು ಅವರನ್ನು ಕಂಡೆ ಎಂದ. ಇಳಿದುಹೋಗಿದ್ದಾರಂತೆ, ಗಡ್ಡ ಬಿಟ್ಟಿದ್ದಾರಂತೆ, ಈ ಅಮಾವಾಸ್ಯೆ ಕಳೆದರೆ ತಂಡವೆಲ್ಲ ಗುಡ್ಡದ ಆಚೆಗೆ ಹೋಗುತ್ತದಂತೆ. ಗುಡ್ಡದ ಆಚೆಗೆ ಕಾಲುವೆ ಇಲ್ಲ. ಅಮಾವಾಸ್ಯೆಗೆ ಇನ್ನು ಏಳು ದಿನ. ಅವರು ಹೊರಟ ದಿನದ ನೆನಪು ನನಗೆ ಚೆನ್ನಾಗಿದೆ. ದೋಣಿ ಒಂದೇ ಸಲಕ್ಕೆ ತೇಲಿತ್ತು. ಎಂದ ಮೇಲೆ ಆರು ತಿಂಗಳು ಎಂದದ್ದು ಆ ಹೊತ್ತಿಗೆ ನಿಜವೇ. ಆಮೇಲೆ ಏನಾಯಿತೋ, ಅದನ್ನು ಯಾವ ದೋಣಿಯೂ ಬಂದು ಹೇಳಲಿಲ್ಲ.

ಮೊದಲು ನಂಜಮ್ಮಣ್ಣಿಯ ದಿನಸಿ ಅಂಗಡಿಗೆ ಹೋದೆ. ಒಂದು ವರ್ಷದ ಮೇಲೆ ಆ ಮೆಟ್ಟಿಲು ಹತ್ತಿದ್ದು. ಅವಳು ತಕ್ಕಡಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದವಳು ನನ್ನನ್ನು ಕಂಡು ಹುಬ್ಬೇರಿಸಿದಳು.

"ಓಹೋ, ದಾರಿ ತಪ್ಪಿ ಬಂದ್ಯಾ?"

"ದೋಣಿ ಸಾಮಾನು ಬೇಕಿತ್ತು."

"ಹಂಗನ್ನು. ಊರು ಬಿಡೋವಾಗ ನಂಜಮ್ಮಣ್ಣಿ ನೆನಪಾಗ್ತಾಳೆ ಎಲ್ರಿಗೂ. ಏನೇನು ಹೇಳು."

ಅವಲಕ್ಕಿ, ಬೆಲ್ಲ, ಹುರಿಗಡಲೆ, ಒಣಮೆಣಸಿನಕಾಯಿ, ಒಂದು ಬಾಟಲಿ ಸೀಮೆಎಣ್ಣೆ, ನೀರು ತಾಗದ ಹಾಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಎರಡು ಬೆಂಕಿಪೊಟ್ಟಣ. ಅವಳು ಕಟ್ಟುತ್ತಾ ಹೋದಳು, ನಾನು ಚೀಲಕ್ಕೆ ಹಾಕುತ್ತಾ ಹೋದೆ. ಕೊನೆಗೆ ನಮ್ಮೂರಿನ ಅಂಗಡಿಯವರೆಲ್ಲ ಕೇಳುವ ಹಾಗೆ ಅವಳೂ, "ಇನ್ನೇನಾದ್ರೂ ಉಳೀತಾ?" ಎಂದಳು.

"ಉಳೀತು. ನಿನ್ನ ಹುಣಸೆಹಣ್ಣಲ್ಲಿ ಹಣ್ಣಿಗಿಂತ ಬೀಜವೇ ಜಾಸ್ತಿ ಅಂತ ಬೀದಿಗೆಲ್ಲ ಹೇಳಿದ್ದು ನಾನೇ."

"ಗೊತ್ತು."

"ಗೊತ್ತಾ?"

"ಬೀಜ ಎಣಿಸೋವಷ್ಟು ಪುರಸೊತ್ತು ಇರೋಳು ಈ ಬೀದೀಲಿ ಇನ್ಯಾರು? ಮುಂದಕ್ಕೆ ಹೇಳು, ಅದು ಅರ್ಧ ಬೆರಳೂ ತೂಗಲ್ಲ."

ನಾನು ಚೀಲದ ಬಾಯಿ ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿದೆ. "ಹೋದ ಯುಗಾದಿಗೆ ನಾನು ಬಂದು ಹೋದ ಮೇಲೆ, ಗಂಡ ಮನೇಲಿಲ್ದೋಳಿಗೆ ಇಷ್ಟೊಂದು ಸಾಮಾನು ಯಾಕೋ ಅಂದೆ ನೀನು, ಗಿರಾಕಿ ಹತ್ರ. ಆವತ್ತಿಂದ ನಾನು ಆಚೆ ಬೀದಿ ಅಂಗಡಿಗೆ ಹೋಗ್ತಿದ್ದೀನಿ. ಅಲ್ಲಿ ಸಾಮಾನು ಚೆನ್ನಾಗಿರತ್ತೆ ಅಂತಲ್ಲ."

ನಂಜಮ್ಮಣ್ಣಿ ಬೆಲ್ಲದ ಅಚ್ಚಿನ ಮೇಲೆ ಕೂತ ನೊಣವನ್ನು ಓಡಿಸಿದಳು.

"ನೆನಪಿಲ್ವಾ?" ಎಂದೆ.

"ಅಂದಿದ್ದು ನೆನಪಿದೆ ಕಣೆ. ನಿನ್ನ ಕಿವಿಗೆ ಬಿತ್ತು ಅನ್ನೋದು ಗೊತ್ತಿರ್ಲಿಲ್ಲ." ಆಮೇಲೆ ನೀಲಿಯ ಕೈಗೆ ಒಂದು ಚೂರು ಬೆಲ್ಲ ಇಟ್ಟು, "ನಿಮ್ಮಮ್ಮಂಗೂ ಒಂದು ಚೂರು ಕೊಡು, ನನ್ನ ಕೈಯಿಂದ ಈಗ ತಗೊಳಲ್ಲ ಅವಳು," ಎಂದಳು. ತಗೊಂಡೆ.

ಅಂಗಡಿಯ ಒಳಗೆ ಹಗ್ಗದ ಮೇಲೆ ಟವೆಲುಗಳು ನೇತಾಡುತ್ತಿದ್ದವು. ಕೆಂಪು ಅಂಚಿನದೊಂದನ್ನು ಇಳಿಸಲು ಹೇಳಿದೆ. ಬೆಟ್ಟಯ್ಯನಿಗೆ ಕೆಂಪು ಅಂಚೇ ಆಗಬೇಕು. ಬಿಳಿಯದು ತಂದರೆ ಊಟಕ್ಕೆ ಕೂತಾಗಲೆಲ್ಲ ಅದನ್ನೇ ನೋಡುತ್ತಿದ್ದರು. ನೀಲಿ ಟವೆಲಿನ ಅಂಚನ್ನು ಬೆಲ್ಲ ಹತ್ತಿದ ಬೆರಳು ತಾಗದ ಹಾಗೆ ಇನ್ನೊಂದು ಕೈಯಿಂದ ಸವರಿದಳು. ಯಾರಿಗೆ ಎಂದು ಕೇಳಬಹುದು ಎಂದು ಕಾದೆ. ಕೇಳಲಿಲ್ಲ. ಹೊರಗೆ ಬಂದ ಮೇಲೆ ಅವಳು ತಾನಾಗಿ ಓಡಿಹೋಗಿ ದೋಣಿ ನೋಡಿಕೊಂಡು ಬಂದು, "ಎಂಟು," ಎಂದಳು.

"ಎಂಟು ಹೇಗಾಗತ್ತೆ? ಬೆಳಿಗ್ಗೆ ಆರಿತ್ತಲ್ಲ?"

"ನನ್ನ ಬೆರಳಲ್ಲಿ ಎಂಟು. ಬಿಳಿಗಿರಿ ಮಾವನ ಬೆರಳಲ್ಲಿ ಐದು."

ಇದೇ ನೀಲಿ ಮೊದಲೆಲ್ಲ ಉಸಿರು ತೆಗೆದುಕೊಳ್ಳದೆ ಕೇಳುತ್ತಿದ್ದವಳು. ಮೀನು ಯಾವ ಮಗ್ಗುಲಿಗೆ ಮಲಗುತ್ತದೆ, ಉಪ್ಪಿಗೂ ಬಾಯಾರುತ್ತದಾ, ನೆರಳು ಒದ್ದೆಯಾದರೆ ಎಲ್ಲಿ ಒಣಗಿಸುವುದು. ಅಪ್ಪನ ಕಾಗದ ನಿಂತಾಗ ಒಂದು ತಿಂಗಳು ದಿನವೂ "ಬಂತಾ?" ಎನ್ನುತ್ತಿದ್ದಳು. ಒಂದು ದಿನ ಅದನ್ನು ಬಿಟ್ಟಳು. ಅದರ ಹಿಂದೆಯೇ ಮೀನು, ಉಪ್ಪು, ನೆರಳು ಎಲ್ಲವೂ ಹೋದವು. ಹೇಳಿದ ಕೆಲಸ ಮಾಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಹುಡುಗಿಗೆ ಬುದ್ಧಿ ಬಂತು ಎಂದು ನಾನೂ ನಾಲ್ಕು ಜನರೆದುರು ಹೇಳಿಕೊಂಡೆ.

ರಾಗಿ ಬೀಸಲು ಹಿಂದಿನ ದಿನವೇ ಮಿಲ್ಲಿಗೆ ಕೊಟ್ಟಿದ್ದೆ. ಹೋದಾಗ ಮಿಲ್ಲಿನ ರಾಚಪ್ಪ ಬೇರೆಯವರ ಗೋಧಿ ಹಾಕುತ್ತಿದ್ದ. ಹುಬ್ಬು, ಮೀಸೆ ಎಲ್ಲ ಹಿಟ್ಟು. ಬೆಲ್ಟಿನ ಸದ್ದಿನಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ. ಐದಾರು ಹೆಂಗಸರು ಡಬ್ಬಿ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ಈ ಸದ್ದಿನಲ್ಲೇ ಹೇಳಿಬಿಡುವುದು ಒಳ್ಳೆಯದು ಎಂದುಕೊಂಡು ಅವನ ಕಿವಿಯ ಹತ್ತಿರ ಹೋಗಿ ಕೂಗಿದೆ: "ರಾಚಪ್ಪಣ್ಣ, ನಿಮ್ಮಮ್ಮ ತೀರಿಕೊಂಡಾಗ ನಾನು ಬರ್ಲಿಲ್ಲ. ಜ್ವರ ಅಂತ ಹೇಳಿ ಕಳಿಸಿದ್ದೆ. ಜ್ವರ ಇರ್ಲಿಲ್ಲ."

ಅವನು ಕೈ ಅಲ್ಲಾಡಿಸಿ, ತಡಿ ಎಂದು, ಹೋಗಿ ಸ್ವಿಚ್ಚು ಆರಿಸಿದ. ಬೆಲ್ಟು ಎರಡು ಸುತ್ತು ತಿರುಗಿ ನಿಂತಿತು. ಮಿಲ್ಲು ಅಷ್ಟು ನಿಶ್ಶಬ್ದವಾಗಿದ್ದನ್ನು ನಾನೆಂದೂ ಕಂಡಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಈಗ ಹೇಳು. ಏನೋ ಜ್ವರ ಅಂದಂಗಾಯ್ತು. ಯಾರಿಗೆ?"

ಎಲ್ಲರೆದುರು ಮತ್ತೆ ಹೇಳಬೇಕಾಯಿತು. "ನನಗೆ. ಇರ್ಲಿಲ್ಲ. ನಿಮ್ಮಮ್ಮನ ಮಣ್ಣಿಗೆ ಬಂದ್ರೆ ಎಲ್ರೂ ಬೆಟ್ಟಯ್ಯ ಎಲ್ಲಿ, ಬೆಟ್ಟಯ್ಯ ಯಾಕೆ ಬರ್ಲಿಲ್ಲ ಅಂತಾರೆ ಅಂತ ಹೆದರಿದೆ. ಅವರು ನನಗೆ ಬಾಣಂತನ ಮಾಡಿದವರು. ನಾನು ಬರಬೇಕಿತ್ತು."

ರಾಚಪ್ಪ ಮೀಸೆಯ ಹಿಟ್ಟು ಒರೆಸಿಕೊಂಡ. ಹಿಟ್ಟು ಹೋಗಲಿಲ್ಲ, ಇನ್ನಷ್ಟು ಹತ್ತಿತು. "ನಮ್ಮವ್ವ ಕೊನೇಲಿ ನೆನಪು ತಪ್ಪಿ ಎರಡು ಸಲ ಕೇಳಿದ್ಲು, ಆ ಹೊನ್ನಿ ಮಗೂಗೆ ಕೂದಲು ಬಂತಾ ಅಂತ. ಬೋಳುತಲೆ ಇತ್ತಂತಲ್ಲ ಹುಟ್ಟಿದಾಗ." ಅವನು ನೀಲಿಯ ಎರಡು ಜಡೆಗಳನ್ನು ನೋಡಿದ. "ಬಂದಿದೆ ಬಿಡು." ಒಬ್ಬ ಮುದುಕಿ ಸಾಲಿನಿಂದ, "ರಾಚ, ಅವಳ ದೋಣಿ ತೇಲ್ಲಿ, ನಮ್ ಗೋಧಿ ಯಾವಾಗ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೆಲ್ಟು ಮತ್ತೆ ತಿರುಗಿತು. ಹಿಟ್ಟಿನ ಡಬ್ಬಿ ಇನ್ನೂ ಬಿಸಿಯಾಗಿತ್ತು. ನೀಲಿ ಅದನ್ನು ಹೊಟ್ಟೆಗೆ ಅವುಚಿಕೊಂಡು ದಾರಿಯುದ್ದಕ್ಕೂ ನಡೆದಳು.

ಗೆರೆ ನಾಲ್ಕು ಬೆರಳಿಗೆ ಬಂದಿತ್ತು. ಬಿಸಿಲು ನೆತ್ತಿಗೆ ಬಂದಿತ್ತು.

ಉಳಿದದ್ದು ನನಗೆ ಗೊತ್ತಿತ್ತು. ನನ್ನ ಗಂಡನ ಅಕ್ಕ ದೇವೀರಮ್ಮ ಕಾಲುವೆ ಏರಿಯ ಮೇಲೆ ಒಬ್ಬರೇ ಇದ್ದಾರೆ. ದೋಣಿ ತಳ್ಳುವ ಉದ್ದದ ಬಿದಿರು ಗಳ ಇರುವುದು ಅವರ ಮನೆಯಲ್ಲೇ. ನಮ್ಮಿಬ್ಬರ ಮಾತು ನಿಂತಿರಲಿಲ್ಲ, ಆದರೆ ಒಂದು ವರ್ಷದಿಂದ ಬರೀ ಹಾಲು, ಮೊಸರು, ಹಪ್ಪಳದ ಮಾತಾಗಿತ್ತು. ನೀಲಿಗೆ, "ನೀನು ಹೋಗಿ ದೋಣೀಲಿ ಚಾಪೆ ಹಾಸು," ಎಂದು ಕಳಿಸಿ ನಾನೊಬ್ಬಳೇ ಒಳಗೆ ಹೋದೆ. ಅತ್ತಿಗೆ ಬಾಳಕದ ಮೆಣಸಿನಕಾಯಿಯನ್ನು ಡಬ್ಬಿಗೆ ತುಂಬುತ್ತಿದ್ದರು.

"ಇದು ಅವನಿಗೆ. ಇದರಲ್ಲಿ ಒಂದು ಅರ್ಧ ನಿನಗೆ, ದಾರೀಲಿ ತಿನ್ನೋಕೆ. ಪೂರ್ತಿ ಅವನಿಗೇ ಇಟ್ಟು ನೀನು ಬರೀ ಅನ್ನ ತಿನ್ಬೇಡ," ಎಂದರು.

"ಅತ್ತಿಗೆ, ಅವರು ನಿಮಗೆ ಕಾಗದ ಬರೆದಿದ್ದಾರಲ್ವಾ? ನನಗೆ ನಿಲ್ಲಿಸಿದ ಮೇಲೆ."

ಅವರ ಕೈ ಡಬ್ಬಿಯಲ್ಲೇ ನಿಂತಿತು. "ಒಂದೇ ಒಂದು ಕಣೆ."

"ಏನಂತ?"

"ನೀಲಿ ಎಷ್ಟುದ್ದ ಆಗಿದ್ದಾಳೆ ಅಂತ. ಅಷ್ಟೇ. ಬೇರೆ ಒಂದಕ್ಷರ ಇಲ್ಲ." ಅವರು ಸೆರಗಿನಲ್ಲಿ ಮೂಗೊರೆಸಿಕೊಂಡರು. "ನಂಗೆ ಸಿಟ್ಟು ಬಂತು. ಹೆಂಡತಿ ಮಗು ಬಿಟ್ಟು ಕೂತವನು ಉದ್ದ ಕೇಳ್ತಾನಲ್ಲ ಅಂತ. ಉತ್ತರ ಬರೀಲಿಲ್ಲ. ನಿಂಗೆ ಹೇಳಿದ್ರೆ ನೀನು ಅಷ್ಟಕ್ಕೇ ಆಸೆ ಇಟ್ಕೋತೀಯ ಅಂತ ಹೇಳ್ಲಿಲ್ಲ."

ನನಗೂ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈ ಒಂದು ವರ್ಷದಲ್ಲಿ ನಾನು ಅನುಮಾನದಿಂದ ಇವರ ಗೋಡೆಯ ಗೂಡಿನಲ್ಲಿ ಕಾಗದವೇನಾದರೂ ಇದೆಯೇ ಎಂದು ಕದ್ದು ನೋಡಿದ್ದೆ, ಎರಡು ಸಲ. ಅದನ್ನೂ ಹೇಳಿದೆ. "ಗೂಡಲ್ಲಿ ಎಲ್ಲಿ ಇರತ್ತೆ, ಅಕ್ಕಿ ಡ್ರಮ್ಮಿನೊಳಗೆ ಇಟ್ಟಿದ್ದೆ," ಎಂದರು. ಇಬ್ಬರೂ ನೆಲದ ಮೇಲೆ ಕೂತೆವು.

"ನೀನು ಬರ್ತಿದ್ದೀಯ ಅಂತ ಅವನಿಗೆ ಬರ್ದಿದ್ದೀಯಾ?" ಎಂದರು ಅತ್ತಿಗೆ.

"ಇಲ್ಲ."

"ಯಾಕೆ? ಚಾಪೆಯವನ ಕೈಲಿ ಒಂದು ಸಾಲು ಕಳಿಸಬಹುದಿತ್ತು."

"ಬರೆದ್ರೆ, ಬರಬೇಡ ಅಂತ ಉತ್ತರ ಬಂದ್ರೆ? ಆಮೇಲೆ ಹೋಗೋಕೇ ಆಗಲ್ವಲ್ಲ ಅತ್ತಿಗೆ."

ಅವರು ಎದ್ದು ಗಳವನ್ನು ಅಟ್ಟದಿಂದ ಇಳಿಸಿಕೊಟ್ಟರು. ಬಾಗಿಲ ತನಕ ಬಂದು, "ಅದು ತೂಗಲ್ವಾ? ಅವನಿಗೆ ಹೇಳದೆ ಇಟ್ಕೊಂಡಿರೋದು?" ಎಂದು ಕೇಳಿದರು.

"ಹೋಗ್ತಿರೋ ಕಡೆಯವರಿಗೆ ಹೇಳಬೇಕಾದ್ದು ತೂಗಲ್ಲ. ಅದಕ್ಕೇ ಅಲ್ವಾ ಹೋಗೋದು," ಎಂದೆ. ಇದು ಊರಿಗೆಲ್ಲ ಗೊತ್ತಿರುವ ಮಾತು, ಅತ್ತಿಗೆಗೂ ಗೊತ್ತು. ಆದರೂ ಅವರು ನನ್ನನ್ನು ಸ್ವಲ್ಪ ಹೊತ್ತು ನೋಡುತ್ತಲೇ ನಿಂತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲವನ್ನೂ ಕಾಲುವೆಯ ಮೆಟ್ಟಿಲ ಬಳಿಗೆ ಸಾಗಿಸಿದ್ದಾಯಿತು. ಹಿಟ್ಟಿನ ಡಬ್ಬಿ, ಅಕ್ಕಿ, ದಿನಸಿ ಚೀಲ, ಎರಡು ಬಿಂದಿಗೆ ಸಿಹಿನೀರು, ಇದ್ದಿಲ ಒಲೆ, ಕಂಬಳಿ, ಮಳೆ ಬಂದರೆ ಮೇಲೆ ಎಳೆಯಲು ಟಾರ್ಪಾಲು. ದೋಣಿಯ ಒಂದು ಸಂದಿಗೆ ರಾಳ ಮೆತ್ತಬೇಕಿತ್ತು, ಅದನ್ನೂ ಮೆತ್ತಿದೆ. ನೀಲಿ ಚಾಪೆಯನ್ನು ಮೂಲೆಗೆ ಸರಿಯಾಗಿ ಮಡಿಸಿ ಹಾಸಿದ್ದಳು. ತನ್ನ ಹಳೆಯ ಲಂಗದ ಬಟ್ಟೆಯಿಂದ ಮಾಡಿದ ಒಂದು ದಿಂಬು, ನನ್ನದೊಂದು ದಿಂಬು, ಅವೆರಡರ ಪಕ್ಕ ಒಂದು ದಿಂಬಿನಷ್ಟು ಜಾಗ. ಆ ಜಾಗ ಯಾಕೆ ಎಂದು ನಾನೂ ಕೇಳಲಿಲ್ಲ.

ಸಾಮಾನೆಲ್ಲ ಹೇರಿದ ಮೇಲೆ ಗೆರೆ ನೋಡಿದರೆ ಎರಡೂವರೆ ಬೆರಳು ಕೆಳಗೆ. ಬಿಳಿಗಿರಿ ಮಂಡಿಯೂರಿ ನೀರಿಗೆ ಕೈ ಇಳಿಸಿ ಅಳೆದ. "ಅರ್ಧ ಸಾಮಾನಿಂದು. ಅದನ್ನ ಬೇಕಾದ್ರೆ ಇಳಿಸು. ಎರಡು ನಿಂದು."

"ನನ್ನದು ಮುಗೀತು ಬಿಳಿಗಿರಿ. ಎಲ್ಲ ಹೇಳಿ ಬಂದೆ."

"ಅಳತೆ ಸುಳ್ಳು ಹೇಳಲ್ಲ ಕಣಕ್ಕ."

ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು, ಅಲ್ಲೇ ಹೋಗುತ್ತಿದ್ದವರು ನಿಂತರು. ನಮ್ಮೂರಿನವರಿಗೆ ಮುಳುಗಿದ ಗೆರೆಗಿಂತ ದೊಡ್ಡ ಒಗಟಿಲ್ಲ. ಹಳೆ ಸ್ನೇಹಿತೆ ಯಾರಾದರೂ ಇದ್ದಾರಾ, ತವರಿಗೆ ಏನಾದರೂ ಬಾಕಿಯಾ, ಸತ್ತವರಿಗೆ ಹೇಳಬೇಕಾದ್ದಿದ್ದರೆ ಸಮಾಧಿ ಹತ್ತಿರ ಹೋಗಿ ಬಾ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನಾನು ನೆನಪಿಸಿಕೊಂಡು ನೆನಪಿಸಿಕೊಂಡು ಮೆಟ್ಟಿಲ ಮೇಲಿದ್ದವರಿಗೇ ಮೂರು ನಾಲ್ಕು ವಿಷಯ ಹೇಳಿದೆ. ಒಬ್ಬಳಿಗೆ, ನಿನ್ನ ಮಗನ ನಾಮಕರಣಕ್ಕೆ ಕೊಟ್ಟ ಲೋಟ ನನಗೆ ಬೇರೆಯವರು ಕೊಟ್ಟದ್ದು ಎಂದೆ. "ನಾನೂ ಅದನ್ನ ಬೇರೆಯವರಿಗೆ ಕೊಟ್ಟೆ," ಎಂದಳು. ಗೆರೆ ಅಲ್ಲಾಡಲಿಲ್ಲ.

ಅಕ್ಕಿ ಇಳಿಸಿದೆ. ಒಂದು ಬಿಂದಿಗೆ ಇಳಿಸಿದೆ. ಇದ್ದಿಲು ಅರ್ಧ ಇಳಿಸಿದೆ. ಸಾಮಾನಿನ ಅರ್ಧ ಬೆರಳು ಮೇಲೆ ಬಂತು, ಎರಡು ಹಾಗೇ ಉಳಿಯಿತು. ಕೊನೆಗೆ ಕೆಂಪು ಅಂಚಿನ ಟವೆಲನ್ನೂ ತೆಗೆದು ಮೆಟ್ಟಿಲ ಮೇಲಿಟ್ಟೆ. ಅದಕ್ಕೇನು ತೂಕವಿದೆ? ಆದರೂ ಇಟ್ಟೆ. ನೀಲಿ ದೋಣಿಯಿಂದ ಇಳಿದು ಬಂದು, ಟವೆಲನ್ನು ಎತ್ತಿ, ಮಡಿಕೆ ಸರಿಮಾಡಿ, ಮತ್ತೆ ದೋಣಿಗೆ ಒಯ್ದು ಆ ಖಾಲಿ ಜಾಗದಲ್ಲಿ ಇಟ್ಟಳು. ಇಟ್ಟು ನನ್ನ ಕಡೆ ನೋಡಿದಳು. ಬಾಯಿ ತೆರೆಯಿತು. ಮುಚ್ಚಿತು. ಆಗ ನೀರು ದೋಣಿಯ ಅಂಚಿಗೆ ಒಂದು ಸಲ ಸಣ್ಣಗೆ ಬಡಿಯಿತು, ಯಾರೋ ಭಾರದ ಕಾಲಿಟ್ಟ ಹಾಗೆ.

ನಾನು ಬಿಳಿಗಿರಿಯನ್ನು ನೋಡಿದೆ. ಬಿಳಿಗಿರಿ ನೀಲಿಯನ್ನು ನೋಡುತ್ತಿದ್ದ. "ಮಕ್ಕಳಿಗೆ ತೂಕ ಇಲ್ಲ ಅಂತ ಗೋಡೆ ಮೇಲೆ ಬರ್ದಿದೆಯಲ್ಲ," ಎಂದ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ.

ಅಲ್ಲಿದ್ದವರಿಗೂ ಹೊಳೆಯಿತು. ಒಬ್ಬ ಹೆಂಗಸು, "ಏ ಕೂಸೆ, ಏನಿದೆಯೋ ಕೇಳಿಬಿಡೆ, ಹೊತ್ತು ಮುಳುಗ್ತಾ ಇದೆ," ಎಂದಳು. ನಾನು ಕೈ ಎತ್ತಿ ತಡೆದೆ. ಬಲವಂತದಿಂದ ಬಾಯಿ ಬಿಡಿಸಿದ ಮಾತು ಗೆರೆಯನ್ನು ಎತ್ತುವುದಿಲ್ಲ, ಇನ್ನೂ ಇಳಿಸುತ್ತದೆ. ಎಷ್ಟೋ ದೋಣಿಗಳು ಹಾಗೇ ಮೆಟ್ಟಿಲ ಬಳಿ ಕೂತುಬಿಟ್ಟಿವೆ. ಆದರೆ ನಾನು ತಡೆದದ್ದು ಅದಕ್ಕಾಗಿ ಮಾತ್ರವಲ್ಲ. ನೀಲಿಯ ಕಿವಿ ಕೆಂಪಾಗಿತ್ತು. ದೋಣಿ ಹೋಗದಿದ್ದರೆ ತಪ್ಪು ತನ್ನದು ಎಂದು ಅವಳಿಗೆ ಯಾವಾಗಲೋ ಗೊತ್ತಾಗಿದೆ. ಬೆಳಿಗ್ಗೆ ಬಿಳಿಗಿರಿ ಬೆರಳು ತೋರಿಸಿದಾಗಲೇ ಗೊತ್ತಾಗಿರಬೇಕು. ಅದಕ್ಕೇ ಅಂಗಡಿಯಿಂದ ತಾನಾಗಿ ದೋಣಿಗೆ ಓಡಿಹೋಗಿ ಅಳೆದು ಬಂದಳು. ನನ್ನ ಮಾತುಗಳೇ ಸಾಕಾಗಬಹುದು, ತನ್ನದು ಬೇಕಾಗಲಿಕ್ಕಿಲ್ಲ ಎಂದು ನೋಡುತ್ತಿದ್ದಳು.

"ಬಿಳಿಗಿರಿ, ಇನ್ನೆಷ್ಟು ಹೊತ್ತಿದೆ?"

ಅವನು ಆಚೆ ದಡದ ಹುಣಸೆಮರದ ಕಡೆ ನೋಡಿದ. "ಸೂರ್ಯ ಆ ಕೊಂಬೆಗೆ ಬಂದ. ಕೆಳಗಿನ ಕೊಂಬೆ ದಾಟೋ ತನಕ ನಾನು ತೂಬಿನ ಚಕ್ರ ಮುಟ್ಟಲ್ಲ. ದಾಟಿದ್ ಮೇಲೆ ಕೇಳ್ಬೇಡ."

ಮನೆಗೆ ಹೋಗಿ ಮೊರ ತಂದೆ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಬೇಳೆ ಹಾಗೇ ಇತ್ತು, ನೀಲಿ ಜೋಡಿಸಿದ್ದ ಕಲ್ಲಿನ ಸಾಲೂ ಕಟ್ಟೆಯ ಮೇಲೆ ಹಾಗೇ ಇತ್ತು. ಆ ಕಲ್ಲುಗಳನ್ನೂ ಸೆರಗಿನ ತುದಿಗೆ ಕಟ್ಟಿಕೊಂಡೆ. ದೋಣಿಗೆ ಬಂದು ಚಾಪೆಯ ಮೇಲೆ ಕೂತು ಮೊರವನ್ನು ಇಬ್ಬರ ನಡುವೆ ಇಟ್ಟೆ. "ಬಾ, ಮುಗಿಸೋಣ. ಹೋಗಲಿ ಬಿಡಲಿ, ಬೇಳೆ ಆರಿಸಲೇಬೇಕಲ್ಲ," ಎಂದೆ. ಅವಳು ಎದುರಿಗೆ ಕೂತಳು. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರೇ ಸರಿದರು. ಒಗೆದ ಬಟ್ಟೆ ಹಿಂಡುವ ಸದ್ದು ಸ್ವಲ್ಪ ಹೊತ್ತು ಕೇಳಿ ನಿಂತಿತು.

ನಾನು ಆರಿಸಿದೆ, ಅವಳೂ ಆರಿಸಿದಳು. ಅವಳ ಬೆರಳು ಸಣ್ಣವು, ನನಗೆ ಕಾಣದ ಕಲ್ಲೂ ಅವಳಿಗೆ ಸಿಗುತ್ತಿತ್ತು. ನಾನು ಅವಳಿಗೆ ಏನು ಹೇಳಿದ್ದೇನೆ ಎಂದು ಕೈ ಆಡಿಸುತ್ತಲೇ ಯೋಚಿಸಿದೆ. ಅಪ್ಪನ ಹತ್ತಿರ ಹೋಗೋಣ ಎಂದಿದ್ದೆ. ಅಷ್ಟೇ. ಅವಳು ಹೊಸ ಲಂಗ ಯಾವುದು ಎಂದು ಕೇಳಿರಲಿಲ್ಲ, ಎಷ್ಟು ದಿನ ಇರುತ್ತೇವೆ ಎಂದು ಕೇಳಿರಲಿಲ್ಲ, ಕೂಡಲೇ ಹೋಗಿ ತನ್ನ ಸ್ಲೇಟಿನ ಚೀಲದಲ್ಲಿ ಎರಡು ಬಟ್ಟೆ ಇಟ್ಟುಕೊಂಡಿದ್ದಳು. ನಾನು ಅದಕ್ಕೂ ಬುದ್ಧಿ ಎಂದೇ ಹೆಸರಿಟ್ಟಿದ್ದೆ. ಇವತ್ತು ಊರಿನವರಿಗೆಲ್ಲ ಹುಣಸೆಬೀಜದ ತನಕ ಹೇಳಿ ಬಂದ ನಾನು ಪಕ್ಕದಲ್ಲೇ ನಡೆಯುತ್ತಿದ್ದವಳಿಗೆ ಏನು ಹೇಳಿದೆ? ಆ ಎರಡು ಬೆರಳಿನಲ್ಲಿ ಎಷ್ಟು ಅವಳದು, ಎಷ್ಟು ನನ್ನದು ಎಂದು ಆಗ ಮೊದಲ ಸಲ ಅನುಮಾನ ಬಂತು.

ಬಿಸಿಲು ಕೆಳಗಿನ ಕೊಂಬೆಗೆ ಇಳಿಯಿತು. ಬಿಳಿಗಿರಿ ಚಕ್ರದ ಹತ್ತಿರ ಹೋಗಿ ನಿಂತ, ಕೈ ಹಿಂದೆ ಕಟ್ಟಿಕೊಂಡು, ನಮ್ಮ ಕಡೆ ಬೆನ್ನು ಮಾಡಿ. ನೀಲಿ ಮೊರದಿಂದ ಒಂದು ಕಲ್ಲು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಸಾಲಿಗೆ ಇಡಲಿಲ್ಲ, ಎಸೆಯಲೂ ಇಲ್ಲ.

"ನೀಲಿ," ಎಂದೆ, "ಮೀನು ಯಾವ ಮಗ್ಗುಲಿಗೆ ಮಲಗತ್ತೆ ಅಂತ ಕೇಳಿದ್ದೆಯಲ್ಲ ಒಂದ್ಸಲ. ನಾನು ಒಲೆ ಊದ್ತಾ ಇದ್ದೆ, ಸುಮ್ನಿರು ಅಂದೆ. ನನಗೆ ಗೊತ್ತಿರ್ಲಿಲ್ಲ ಅದಕ್ಕೇ ಹಂಗಂದೆ. ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದು ನನ್ನ ಹತ್ರ ಇನ್ನೂ ಬೇಕಾದಷ್ಟಿದೆ."

ಅವಳು ಕಲ್ಲನ್ನು ನೋಡುತ್ತಲೇ ಇದ್ದಳು. ಆಮೇಲೆ ಟವೆಲನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು, ಕಾಗದ ಬಂತಾ ಎನ್ನುತ್ತಿದ್ದ ದಿನಗಳಲ್ಲಿ ನೋಡುತ್ತಿದ್ದ ಹಾಗೆ, ನೇರವಾಗಿ ನೋಡಿದಳು. ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ದೋಣಿ ಮೇಲೇಳಲು ನೋಡುವ ಹಾಗೆ ಮೆಟ್ಟಿಲಿಗೆ ಕಟ್ಟಿದ ಹಗ್ಗ ಕಿರ್ ಎಂದು ಬಿಗಿಯಿತು.

"ಅಮ್ಮ, ನಾವು ಬರ್ತಾ ಇರೋದು ಅಪ್ಪಂಗೆ ಗೊತ್ತಾ?"